462 ಗ್ರಾಂನಿಂದ 91 ಗ್ರಾಂಗೆ: ನಮ್ಮ ಲೈನ್ ಫಾಲೋವರ್ ತೂಕ ಇಳಿಸಿದ್ದು ಹೀಗೆ

ಹೋದ ವರ್ಷದ ಸ್ಪರ್ಧೆಯಲ್ಲಿ ನಮ್ಮ ಲೈನ್ ಫಾಲೋವರ್, ಅಂದರೆ ಗೆರೆ ಹಿಡಿದು ತಾನೇ ಓಡುವ ಪುಟ್ಟ ರೋಬೋಟ್ (ಬಾಟ್), 14 ಮೀಟರ್ ಟ್ರ್ಯಾಕ್ ಮುಗಿಸಲು 29 ಸೆಕೆಂಡು ತೆಗೆದುಕೊಂಡಿತ್ತು. ಗೆದ್ದ ತಂಡದ್ದು 13 ಸೆಕೆಂಡು. ಎಲ್ಲಾ ಮುಗಿದ ಮೇಲೆ ಅವರನ್ನು ಕೇಳಿ ಆ ಬಾಟನ್ನು ಕೈಗೆ ತೆಗೆದುಕೊಂಡೆ. ನಮ್ಮದರಷ್ಟೇ ಭಾರ ಇರುತ್ತದೆ ಅಂದುಕೊಂಡು ಎತ್ತಿದ್ದಕ್ಕೆ ಕೈ ತಾನಾಗಿಯೇ ಮೇಲೆ ಹೋಯಿತು. ಖಾಲಿ ಡಬ್ಬಿ ಎತ್ತಿದ ಹಾಗೆ. ಆವತ್ತು ದಾವಣಗೆರೆಗೆ ವಾಪಸ್ ಬರುವ ಬಸ್ಸಿನಲ್ಲಿ ನಾವು ಮೂವರೂ ಮಾತಾಡಿದ್ದು ಅದೊಂದೇ ವಿಷಯ.

ಮೂವರು ಅಂದರೆ ನಾನು, ಮೆಕ್ಯಾನಿಕಲ್ ಓದುವ ಗೆಳೆಯ, ಮತ್ತು ಎರಡನೇ ವರ್ಷದ ಜೂನಿಯರ್ ಹುಡುಗಿ. ನಾನು ಇಲೆಕ್ಟ್ರಾನಿಕ್ಸ್. ಕೋಡ್ ಬಹುಪಾಲು ಜೂನಿಯರ್‌ದು.

ಬಿಳಿ ಫ್ಲೆಕ್ಸ್ ಮೇಲೆ ಕಪ್ಪು ಗೆರೆ ಇರುತ್ತದೆ, ಬಾಟ್ ಅದನ್ನು ನೋಡಿಕೊಂಡು ತಾನೇ ಓಡಬೇಕು. ಮೂರು ಓಟ ಕೊಡುತ್ತಾರೆ, ಒಳ್ಳೆಯ ಸಮಯ ಲೆಕ್ಕಕ್ಕೆ. ನಿಯಮ ಇಷ್ಟೇ.

ಮೊದಲು ಮಾಡಿದ ಕೆಲಸ ಹಳೆಯ ಬಾಟ್ ಬಿಚ್ಚಿ ಒಂದೊಂದೇ ಭಾಗ ತೂಗಿದ್ದು. ಅಡುಗೆಮನೆಯ ತಕ್ಕಡಿ ಒಂದು ಗ್ರಾಂ ಸರಿಯಾಗಿ ಹೇಳುವುದಿಲ್ಲ. ಗೆಳೆಯನ ಸೋದರಮಾವನದ್ದು ಬಂಗಾರದ ಕೆಲಸ. ಅವರ ಅಂಗಡಿಗೆ ಹೋದೆವು. ಚೀಲದಿಂದ ಸ್ಕ್ರೂ, ನಟ್ಟು, ಮೋಟರ್ ಎಲ್ಲಾ ಗಾಜಿನ ಮೇಲೆ ಸುರಿದಾಗ ಅವರು ಕನ್ನಡಕ ಏರಿಸಿ ನೋಡಿದರು.

"ಏನಮ್ಮಾ ಇದು, ಬಂಗಾರದ ತಕ್ಕಡೀಲಿ ಕಬ್ಬಿಣ ತೂಗೋಕೆ ಬಂದೀರಾ?"

"ಹೌದು ಮಾವ, ಒಂದೊಂದು ಗ್ರಾಮೂ ಲೆಕ್ಕ ಬೇಕು."

"ಹಂಗಾದ್ರೆ ಸರಿಯಾದ ಜಾಗಕ್ಕೇ ಬಂದೀರಿ, ಕೂಡ್ರಿ."

ಪಟ್ಟಿ ಮಾಡಿದೆವು. ಮೂರು ಮಿಲಿಮೀಟರ್ ದಪ್ಪದ ಅಕ್ರಿಲಿಕ್ ತಳ 79 ಗ್ರಾಂ. ಬಿಓ ಅನ್ನುವ ಹಳದಿ ಗೇರ್ ಮೋಟರ್ ಎರಡು ಸೇರಿ 60. ಅದರ ದೊಡ್ಡ ಚಕ್ರ ಎರಡು 68. ಮೋಟರಿಗೆ ಕರೆಂಟ್ ಹಂಚುವ ಎಲ್298ಎನ್ ಡ್ರೈವರ್ ಬೋರ್ಡ್ 30, ಕೋಡ್ ಓಡಿಸುವ ಆರ್ಡುಯಿನೋ ಊನೋ ಬೋರ್ಡ್ 25. ಎರಡು 18650 ಲಿಥಿಯಂ ಸೆಲ್ಲು, ಅದರ ಹೋಲ್ಡರ್ ಸೇರಿ 117. ಸೆನ್ಸರ್ ಪಟ್ಟಿ 20, ಮುಂದಿನ ಉಕ್ಕಿನ ಗುಂಡಿನ ಚಕ್ರ 22. ಉಳಿದ ಸ್ಕ್ರೂ, ನಟ್ಟು, ಹಿತ್ತಾಳೆ ಕಂಬ, ವೈರು ಎಲ್ಲಾ ಸೇರಿ 41. ಒಟ್ಟು 462.

ಆ 41 ನೋಡಿ ನನಗೆ ನಿಜಕ್ಕೂ ಬೇಜಾರಾಯಿತು. ಬ್ಯಾಟರಿ ಭಾರ, ಮೋಟರ್ ಭಾರ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಬರೀ ಜೋಡಿಸುವ ಸಾಮಾನೇ ಇಷ್ಟು ತೂಗುತ್ತದೆ ಅಂತ ಯಾರು ಯೋಚಿಸುತ್ತಾರೆ? ಹೊಸ ಬಾಟಿನಲ್ಲಿ ಒಂದೇ ಒಂದು ಹಿತ್ತಾಳೆ ಕಂಬ ಇರಬಾರದು ಅಂತ ಅಲ್ಲೇ ತೀರ್ಮಾನ ಮಾಡಿದೆವು.

ಒಂದು ಶನಿವಾರ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಟೌನ್ ಹಾಲ್ ಹತ್ತಿರದ ಎಸ್.ಪಿ. ರೋಡಿನಲ್ಲಿ ಸಾಮಾನು ತಂದೆವು. ಆನ್‌ಲೈನಿನಲ್ಲೂ ಸಿಗುತ್ತದೆ. ಆದರೆ ಮೋಟರನ್ನು ಕೈಯಲ್ಲಿ ಹಿಡಿದು, ಶಾಫ್ಟ್ ಅಲ್ಲಾಡುತ್ತದಾ ಅಂತ ನೋಡಿ ತರುವುದೇ ಬೇರೆ. ಎನ್20 ಅನ್ನುವ ಸಣ್ಣ ಗೇರ್ ಮೋಟರ್ ತಗೊಂಡೆವು, 6 ವೋಲ್ಟಿಗೆ ನಿಮಿಷಕ್ಕೆ 1000 ಸುತ್ತಿನದ್ದು. ಬೆರಳ ತುದಿಯಷ್ಟು ಗಾತ್ರ, ಒಂದಕ್ಕೆ 10 ಗ್ರಾಂ. ಬೇಕಿದ್ದದ್ದು ಎರಡು, ತಂದದ್ದು ನಾಲ್ಕು. ಒಂದೇ ಡಬ್ಬಿಯಿಂದ ತೆಗೆದ ಮೋಟರುಗಳೂ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಚಕ್ರಕ್ಕೆ ಬಿಳಿ ಚುಕ್ಕೆ ಇಟ್ಟು, ಫೋನಿನ ಸ್ಲೋ ಮೋಷನ್ನಿನಲ್ಲಿ ಸೆಕೆಂಡಿಗೆ 240 ಫ್ರೇಮ್ ವಿಡಿಯೋ ತೆಗೆದು, ಹಲವು ಸುತ್ತಿಗೆ ಒಟ್ಟು ಎಷ್ಟು ಫ್ರೇಮ್ ಅಂತ ಎಣಿಸಿದೆವು. ಒಂದು 1010, ಒಂದು 1000, ಒಂದು 960, ಇನ್ನೊಂದು 880 ಬಂತು. ಮೊದಲಿನ ಎರಡನ್ನು ಜೋಡಿ ಮಾಡಿದೆವು. ಆಮೇಲೆ ಒಂದು ಮಾತು: ಎನ್20 ಚಕ್ರವನ್ನು ಕೈಯಿಂದ ಒತ್ತಿ ತಿರುಗಿಸಬೇಡಿ. ಒಳಗಿನ ಹಲ್ಲು ಸಣ್ಣದು. 960ರದ್ದು ಹಾಗೇ ಹೋಯಿತು.

ವೇಗದ ಲೆಕ್ಕ ಸರಳ. ಹಳೆಯದರ ಮೋಟರ್ ನಿಮಿಷಕ್ಕೆ 200 ಸುತ್ತು, ಚಕ್ರ 65 ಮಿಲಿಮೀಟರ್. ಅದು ಎಷ್ಟೇ ಪ್ರಯತ್ನಪಟ್ಟರೂ ಸೆಕೆಂಡಿಗೆ 0.68 ಮೀಟರ್ ದಾಟುವ ಹಾಗಿರಲಿಲ್ಲ. ಹೊಸದರ ಚಕ್ರ 32 ಮಿಲಿಮೀಟರ್, ಒಂದು ಸುತ್ತಿಗೆ ಹತ್ತು ಸೆಂಟಿಮೀಟರ್ ದಾರಿ. ನಿಮಿಷಕ್ಕೆ 1000 ಸುತ್ತು ಅಂದರೆ ಸೆಕೆಂಡಿಗೆ 1.67 ಮೀಟರ್. 7.4 ವೋಲ್ಟ್ ಲಿಪೋ (ಹಗುರ ಲಿಥಿಯಂ ಬ್ಯಾಟರಿ) ಕೊಟ್ಟರೆ ಎರಡು ಮೀಟರಿನ ಹತ್ತಿರ. ಸ್ವಲ್ಪ ಜಾಸ್ತಿ ವೋಲ್ಟೇಜೇ ಅದು, ಆದರೆ ಓಟ ಅರ್ಧ ನಿಮಿಷವೂ ಇರುವುದಿಲ್ಲ, ಮೋಟರ್ ತಡೆದುಕೊಳ್ಳುತ್ತದೆ.

ಡ್ರೈವರ್ ಬದಲಿಸಿದ್ದಕ್ಕೆ ಎರಡು ಕಾರಣ, ಎರಡನೆಯದು ನನಗೆ ತಡವಾಗಿ ಅರ್ಥವಾಯಿತು. ಮೊದಲನೆಯದು ಎಲ್ಲರಿಗೂ ಗೊತ್ತು. ಎಲ್298ಎನ್ ಹಳೆಯ ಕಾಲದ ಟ್ರಾನ್ಸಿಸ್ಟರ್ ಚಿಪ್ಪು, ಎರಡು ವೋಲ್ಟಿನಷ್ಟನ್ನು ತಾನೇ ತಿಂದು ಬಿಸಿ ಮಾಡಿಕೊಳ್ಳುತ್ತದೆ. ಅದಕ್ಕೇ ಅಷ್ಟು ದೊಡ್ಡ ಅಲ್ಯುಮಿನಿಯಂ ಹೀಟ್‌ಸಿಂಕ್. ಟಿಬಿ6612 ಮಾಸ್‌ಫೆಟ್ ಚಿಪ್ಪು, ನಷ್ಟ ತೀರಾ ಕಡಿಮೆ, ಬೋರ್ಡ್ ತೂಕ ಎರಡು ಗ್ರಾಂ. ಎರಡನೆಯ ಕಾರಣ ಬ್ರೇಕು. ಎಲ್298ಎನ್‌ನ ಎನೇಬಲ್ ಪಿನ್ನಿಗೆ ಪಿಡಬ್ಲ್ಯುಎಂ (ಬೇಗ ಬೇಗ ಆನ್ ಆಫ್ ಮಾಡಿ ವೇಗ ಹೊಂದಿಸುವ ಸಿಗ್ನಲ್) ಕೊಡುತ್ತೇವೆ ಅಲ್ವಾ, ಅದು ಕೆಳಗಿಳಿದ ಪ್ರತಿ ಸಲವೂ ಮೋಟರ್ ಬಿಟ್ಟ ಹಾಗೆ ಸುಮ್ನೆ ಉರುಳುತ್ತದೆ. ಟಿಬಿ6612ರಲ್ಲಿ ಪಿಡಬ್ಲ್ಯುಎಂ ಇಳಿದರೆ ಮೋಟರಿನ ಎರಡೂ ತುದಿ ಒಳಗೇ ಕೂಡಿಕೊಂಡು ಬ್ರೇಕ್ ಬೀಳುತ್ತದೆ. ತಿರುವಿನಲ್ಲಿ ಒಳಗಿನ ಚಕ್ರ ತಕ್ಷಣ ನಿಧಾನ ಆಗಬೇಕು. ಹಳೆಯ ಬಾಟ್ ತಿರುವಿನಲ್ಲಿ ಯಾಕೆ ತೇಲಿಕೊಂಡು ಹೋಗುತ್ತಿತ್ತು ಅಂತ ವರ್ಷ ಪೂರ್ತಿ ಕೋಡಿನಲ್ಲಿ ಹುಡುಕಿದ್ದೆವು. ಅರ್ಧ ತಪ್ಪು ಈ ಚಿಪ್ಪಿನ ಸ್ವಭಾವದಲ್ಲಿತ್ತು.

ತಳಕ್ಕೆ ಅಕ್ರಿಲಿಕ್ ಬಿಟ್ಟು ತಾಮ್ರ ತೆಗೆದ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಹಾಳೆ ಕತ್ತರಿಸಿದೆವು. 55 ಚದರ ಸೆಂಟಿಮೀಟರ್, 16 ಗ್ರಾಂ. ಆರ್ಡುಯಿನೋ ನ್ಯಾನೋ, ಪಿನ್ ಹಾಕದೇ ನೇರವಾಗಿ ವೈರ್ ಬೆಸುಗೆ ಹಾಕಿದ್ದು, 5 ಗ್ರಾಂ. ಪಿನ್ ಹಾಕಿದ್ದರೆ ಬದಲಿಸಲು ಸುಲಭ ನಿಜ, ಆದರೆ ಓಟದ ನಡುವೆ ವೈರ್ ಕಳಚುವುದೂ ಅಲ್ಲಿಂದಲೇ. ಎಂಟು ಕಣ್ಣಿನ ಅನಲಾಗ್ ಸೆನ್ಸರ್ ಪಟ್ಟಿ 3 ಗ್ರಾಂ. ಎರಡು ಸೆಲ್ಲಿನ 300 ಮಿಲಿಆಂಪ್‌ಅವರ್ ಲಿಪೋ 20 ಗ್ರಾಂ. ಮುಂದಿನ ಉಕ್ಕಿನ ಗುಂಡಿನ ಬದಲು ಅಂಗಿಯ ಗುಂಡಿ! ನುಣುಪಾದ ಪ್ಲಾಸ್ಟಿಕ್ ಗುಂಡಿಯನ್ನು ತಲೆಕೆಳಗಾಗಿ ಅಂಟಿಸಿದರೆ ಫ್ಲೆಕ್ಸ್ ಮೇಲೆ ಎಷ್ಟು ಚೆನ್ನಾಗಿ ಜಾರುತ್ತದೆ ಗೊತ್ತಾ. ಅಂಚನ್ನು ಮರಳುಕಾಗದದಲ್ಲಿ ಚೆನ್ನಾಗಿ ಉಜ್ಜಿ ದುಂಡಗೆ ಮಾಡಿಕೊಳ್ಳಿ, ಇಲ್ಲದಿದ್ದರೆ ಎರಡು ಫ್ಲೆಕ್ಸ್ ಕೂಡುವ ಕಡೆ ಟೇಪಿಗೆ ಸಿಕ್ಕಿಕೊಳ್ಳುತ್ತದೆ.

ಮೊದಲ ಸಲ ನೆಲಕ್ಕಿಟ್ಟು ಬಿಟ್ಟಾಗ ಹೊಸ ಬಾಟ್ ಹಾವಿನ ಹಾಗೆ ಓಡಿತು.

ನೇರ ಗೆರೆಯಲ್ಲೂ ಎಡ ಬಲ, ಎಡ ಬಲ. ಕೆಪಿ (ಗೆರೆಯಿಂದ ಸರಿದಷ್ಟೂ ಎಷ್ಟು ತಿರುಗಬೇಕು ಅಂತ ಕೋಡಿನಲ್ಲಿ ಹೇಳುವ ಅಂಕಿ) ಇಳಿಸಿದೆವು, ತಿರುವಿನಲ್ಲಿ ಹೊರಗೆ ಹೋಯಿತು. ಕೆಡಿ (ಸರಿಯುವ ವೇಗ ನೋಡಿ ತೂಗಾಟ ತಡೆಯುವ ಅಂಕಿ) ಏರಿಸಿದೆವು, ನಡುಗಲು ಶುರು. ನಾಲ್ಕು ಸಂಜೆ ಅದರಲ್ಲೇ ಹೋಯಿತು. ಹಗುರ ಆಗಿದೆ, ಮೋಟರ್ ಚುರುಕಾಗಿದೆ, ಆದರೂ ತಿರುಗು ಅಂದ ತಕ್ಷಣ ತಿರುಗುತ್ತಿಲ್ಲ, ತಿರುಗಿದ್ದು ನಿಲ್ಲುತ್ತಿಲ್ಲ. ಐದನೆಯ ಸಂಜೆ ಗೆಳೆಯ ಬಾಟನ್ನು ಚಕ್ರದ ಅಚ್ಚಿನ ನಡುವೆ ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ತಿರುಗಿಸಿ ನೋಡಿ, "ಲೇ, ಮೂಗು ಭಾರ ಐತಿ ಕಣೇ ಇದರದ್ದು" ಅಂದ.

ಹೌದು, ಬ್ಯಾಟರಿಯನ್ನು ನಾವೇ ಮುಂದೆ ಇಟ್ಟಿದ್ದೆವು. ವೇಗ ಹಿಡಿಯುವಾಗ ಮುಂಭಾಗ ಮೇಲೆದ್ದು ಸೆನ್ಸರ್ ಗೆರೆ ಬಿಡಬಾರದು ಅಂತ. ಸೆನ್ಸರ್ ಪಟ್ಟಿ ಅಚ್ಚಿನಿಂದ 12 ಸೆಂಟಿಮೀಟರ್ ಮುಂದೆ. ಅದನ್ನು ಹಿಡಿದ ತೋಳು ಪಿಸಿಬಿ ಹಾಳೆಯದ್ದೇ, 9 ಗ್ರಾಂ.

ನೀರು ತುಂಬಿದ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಂಡು ಗಿರಕ್ಕನೆ ಹಿಂದಕ್ಕೆ ತಿರುಗಬಹುದು. ಅದೇ ಕೊಡವನ್ನು ಕೈ ಚಾಚಿ ಹಿಡಿದು ತಿರುಗಿ ನೋಡಿ. ತಿರುಗುವುದೂ ಕಷ್ಟ, ತಿರುಗಿದ ಮೇಲೆ ನಿಲ್ಲುವುದು ಇನ್ನೂ ಕಷ್ಟ, ಕೊಡವೇ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ತೂಕ ಅಷ್ಟೇ, ಜಾಗ ಬೇರೆ. ತಿರುಗಿಸುವುದು ಎಷ್ಟು ಕಷ್ಟ ಅಂತ ತಿಳಿಯಲು ತೂಕವನ್ನು ದೂರದ ವರ್ಗದಿಂದ ಗುಣಿಸಬೇಕು ಅಂತ ಪಿಯುಸಿಯಲ್ಲೇ ಓದಿದ್ದೆವು. ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆವು. 20 ಗ್ರಾಂ ಬ್ಯಾಟರಿ 8 ಸೆಂಟಿಮೀಟರ್ ಮುಂದೆ ಇದ್ದರೆ 20 ಗುಣಿಸು 64, ಅಂದರೆ 1280. ಸೆನ್ಸರ್ 3 ಗುಣಿಸು 144, ಅಂದರೆ 432. ತೋಳಿನ ತೂಕ ಉದ್ದಕ್ಕೂ ಹಂಚಿಕೊಂಡಿರುವುದರಿಂದ ಅದಕ್ಕೆ ಮೂರನೇ ಒಂದು ಭಾಗ ಹಿಡಿಯಬೇಕು, ಅದೂ 432. ಒಟ್ಟು 2144.

ಬ್ಯಾಟರಿಯನ್ನು ಅಚ್ಚಿನಿಂದ ಬರೀ ಒಂದೂವರೆ ಸೆಂಟಿಮೀಟರ್ ಮುಂದೆ ಇರುವ ಹಾಗೆ ಹಿಂದಕ್ಕೆ ತಂದರೆ ಅದರ ಪಾಲು 1280 ಹೋಗಿ 45 ಆಗುತ್ತದೆ. ಒಂದು ಗ್ರಾಮೂ ಕಡಿಮೆ ಮಾಡದೆ! ಇಡೀ ಪ್ರಾಜೆಕ್ಟಿನಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಸಾಲು ಇದು. ಅಲ್ಲಿಯವರೆಗೆ ನಾವು ಎಷ್ಟು ತೂಕ ಅಂತಲೇ ಕೇಳುತ್ತಿದ್ದೆವು. ಎಲ್ಲಿ ತೂಕ ಅಂತ ಕೇಳಿದ್ದು ಆವತ್ತೇ ಮೊದಲು.

ಸೆನ್ಸರ್ ಮುಂದೆ ಇರಲೇಬೇಕು, ಇಲ್ಲದಿದ್ದರೆ ತಿರುವು ಬರುವುದು ಬಾಟಿಗೆ ಮೊದಲೇ ಗೊತ್ತಾಗುವುದಿಲ್ಲ. ಹಾಗಾಗಿ ಉಳಿದದ್ದು ತೋಳು. ಹಗುರವಾಗಿರಬೇಕು, ಬಾಗಬಾರದು. ಕಾರ್ಬನ್ ಫೈಬರ್ ಕಡ್ಡಿ ಸಿಗುತ್ತದೆ, ದುಡ್ಡು ಜಾಸ್ತಿ. ಬುಟ್ಟಿ, ಮೊರ ಹೆಣೆಯುವ ಮೇದಾರರ ಹತ್ತಿರ ಹೋಗಿ ಬಿದಿರಿನ ಸೀಳು ಕೇಳೋಣ ಅಂತ ಜೂನಿಯರ್ ಹೇಳಿದಳು. ಅಲ್ಲಿದ್ದ ಅಜ್ಜಿ ನಮ್ಮ ಕೈಯಲ್ಲಿದ್ದ ಬಾಟನ್ನು ತಿರುಗಿಸಿ ತಿರುಗಿಸಿ ನೋಡಿ, "ಹಸೀದು ಒಯ್ಬ್ಯಾಡ್ರವ್ವಾ, ಒಣಗಿದ ಮ್ಯಾಲೆ ಸೊಟ್ಟ ಆಕ್ಕೈತಿ" ಅಂತ ಹೇಳಿ ಒಣಗಿದ್ದನ್ನೇ ಆರಿಸಿ, ಸಿಪ್ಪೆಯ ಕಡೆಯ ಭಾಗ ಉಳಿಸಿಕೊಂಡು ತೆಳ್ಳಗೆ ಸೀಳಿ ಕೊಟ್ಟರು. ಬಿದಿರಿನ ಗಟ್ಟಿ ನಾರು ಹೆಚ್ಚಾಗಿ ಆ ಹೊರಮೈಯಲ್ಲೇ ಇರುವುದು. ಎರಡು ಸೀಳನ್ನು ವಿ ಆಕಾರದಲ್ಲಿ ಜೋಡಿಸಿ, ಕೂಡುವ ಕಡೆ ದಾರ ಸುತ್ತಿ ಫೆವಿಕ್ವಿಕ್ ಬಿಟ್ಟೆವು. 4 ಗ್ರಾಂ. ತೋಳಿನ ಪಾಲು 432ರಿಂದ 192ಕ್ಕೆ ಇಳಿಯಿತು. ಒಟ್ಟು 2144 ಇದ್ದದ್ದು 669.

ಅದೇ ಕೆಪಿ, ಅದೇ ಕೆಡಿ ಇಟ್ಟು ಓಡಿಸಿದೆವು. ಹಾವು ನಿಂತಿತು. ನೇರ ಗೆರೆಯಲ್ಲಿ ನೂಲು ಹಿಡಿದ ಹಾಗೆ ಹೋಯಿತು. ಕಾಲೇಜಿನ ಕಾರಿಡಾರಿನಲ್ಲಿ ನಾವು ಕಿರುಚಿದ್ದಕ್ಕೆ ಲ್ಯಾಬಿನಿಂದ ಸರ್ ಓಡಿ ಬಂದರು.

ಬ್ಯಾಟರಿ ಹಿಂದೆ ಬಂದದ್ದರಿಂದ ನಾವು ಮೊದಲು ಹೆದರಿದ್ದೂ ನಿಜವಾಯಿತು. ಶುರುವಿನಲ್ಲಿ ಪೂರ್ತಿ ಪವರ್ ಕೊಟ್ಟರೆ ಮೂಗು ಮೇಲೇಳುತ್ತಿತ್ತು. ಈ ಸೆನ್ಸರ್ ನೆಲದಿಂದ 3 ಮಿಲಿಮೀಟರ್ ಎತ್ತರದಲ್ಲಿ ಚೆನ್ನಾಗಿ ನೋಡುತ್ತದೆ, ಮೇಲೆ ಹೋದರೆ ಬರೀ ಮಬ್ಬು. ಅದಕ್ಕೆ ಪವರನ್ನು 150 ಮಿಲಿಸೆಕೆಂಡಿನಲ್ಲಿ ನಿಧಾನಕ್ಕೆ ಏರಿಸುವ ಹಾಗೆ ಕೋಡ್ ಬರೆದೆವು, ಹಿಂದೆ ಒಂದು ಸಣ್ಣ ಬಿದಿರಿನ ತುಂಡನ್ನು ಊರುಗೋಲಿನ ಹಾಗೆ ಅಂಟಿಸಿದೆವು. ಮುಗಿಯಿತು.

ಈಗ ಟೈರು. "ಇಷ್ಟು ಹಗುರ ಮಾಡಿದರೆ ತಿರುವಿನಲ್ಲಿ ಜಾರುತ್ತದೆ, ಸ್ವಲ್ಪ ಭಾರ ಇಡಿ" ಅಂತ ಬಹಳ ಜನ ಹೇಳಿದರು. ನಾನೂ ಹಾಗೇ ನಂಬಿದ್ದೆ. ಆದರೆ ಲೆಕ್ಕ ಬೇರೆ ಹೇಳುತ್ತದೆ. ಭಾರ ಹೆಚ್ಚಾದರೆ ಹಿಡಿತ ಹೆಚ್ಚುತ್ತದೆ ನಿಜ, ಹೊರಗೆ ಎಸೆಯುವ ಬಲವೂ ಅಷ್ಟೇ ಹೆಚ್ಚುತ್ತದೆ. ಎರಡೂ ಸರಿಸಮ ಆಗಿ ತೂಕ ಲೆಕ್ಕದಿಂದಲೇ ಹೊರಗೆ ಹೋಗುತ್ತದೆ. ಉಳಿಯುವುದು ಘರ್ಷಣೆಯ ಅಂಕಿ, ಗುರುತ್ವ, ತಿರುವಿನ ತ್ರಿಜ್ಯ. ಮೂರನ್ನೂ ಗುಣಿಸಿ ವರ್ಗಮೂಲ ತೆಗೆದರೆ ಆ ತಿರುವಿನಲ್ಲಿ ಹೋಗಬಹುದಾದ ಹೆಚ್ಚಿನ ವೇಗ.

ಘರ್ಷಣೆಯ ಅಂಕಿ ಅಳೆಯಲು ದೊಡ್ಡ ಉಪಕರಣ ಬೇಡ. ಹಲಗೆಗೆ ಫ್ಲೆಕ್ಸ್ ತುಂಡು ಸುತ್ತಿ, ಚಕ್ರ ತಿರುಗದ ಹಾಗೆ ಕಟ್ಟಿದ ಬಾಟನ್ನು ಅದರ ಮೇಲಿಟ್ಟು, ಹಲಗೆಯನ್ನು ಒಂದು ಕಡೆ ಎತ್ತುತ್ತಾ ಹೋಗಿ. ಜಾರಲು ಶುರುವಾದ ಕೋನ ಫೋನಿನಲ್ಲೇ ನೋಡಬಹುದು. ಆ ಕೋನದ ಟ್ಯಾನ್ ಬೆಲೆಯೇ ಉತ್ತರ. ಚಕ್ರದ ಜೊತೆ ಬಂದ ಗಟ್ಟಿ ರಬ್ಬರ್ 31 ಡಿಗ್ರಿಗೇ ಜಾರಿತು, ಅಂದರೆ 0.6. ಸೈಕಲ್ ಶಾಪಿನಲ್ಲಿ ಹಳೆಯ ಟ್ಯೂಬ್ ಇಸಿದುಕೊಂಡು, ಬಳೆಯ ಹಾಗೆ ಅಡ್ಡಕ್ಕೆ ಕತ್ತರಿಸಿ, ರಬ್ಬರ್ ತೆಗೆದ ಚಕ್ರಕ್ಕೆ ಎಳೆದು ಹಾಕಿದೆವು. ಮೊದಲ ಸಲ ಅದೂ ಜಾರಿತು. ಟ್ಯೂಬಿನ ಒಳಗೆ ಅಂಟಬಾರದು ಅಂತ ಪೌಡರ್ ಹಾಕಿರುತ್ತಾರೆ, ಅದು ಹಾಗೇ ಇತ್ತು. ಸೋಪಿನಲ್ಲಿ ಉಜ್ಜಿ ತೊಳೆದು ಒಣಗಿಸಿ ನೋಡಿದರೆ 42 ಡಿಗ್ರಿ, ಅಂದರೆ 0.9. ಸೆಲೋ ಟೇಪಿನ ಅಂಟಿನ ಮೇಲೆ ಉರುಳಿಸಿ ಧೂಳು ತೆಗೆದರೆ 45, ಅಂದರೆ ಒಂದು. 15 ಸೆಂಟಿಮೀಟರ್ ತ್ರಿಜ್ಯದ ತಿರುವಿನಲ್ಲಿ ಹಳೆಯ ರಬ್ಬರಿಗೆ ಸೆಕೆಂಡಿಗೆ 0.94 ಮೀಟರ್, ತೊಳೆದು ಧೂಳು ತೆಗೆದ ಸೈಕಲ್ ಟ್ಯೂಬಿಗೆ 1.21. ಪುಕ್ಕಟೆ ಸಿಕ್ಕ ಟ್ಯೂಬ್ ಇದು! ಪ್ರತಿ ಓಟಕ್ಕೂ ಮುಂಚೆ ಟೇಪಿನ ಮೇಲೆ ಉರುಳಿಸುವುದು ಆಮೇಲೆ ನಮಗೆ ಅಭ್ಯಾಸವೇ ಆಯಿತು.

ಈ ಮಿತಿ ದಾಟಲು ಬೇರೆ ದಾರಿಯೂ ಇದೆ. ಜಪಾನಿನ ರೋಬೋಟ್ರೇಸ್ ಅನ್ನುವ ಲೈನ್ ಫಾಲೋವರ್ ಸ್ಪರ್ಧೆಯ ವಿಡಿಯೋಗಳಲ್ಲಿ ಕೆಲವು ಬಾಟುಗಳ ಮಧ್ಯೆ ಫ್ಯಾನ್ ಇರುತ್ತದೆ. ಅದು ಕೆಳಗಿನ ಗಾಳಿ ಎಳೆದು ಬಾಟನ್ನು ನೆಲಕ್ಕೆ ಒತ್ತುತ್ತದೆ. ತೂಕ ಹೆಚ್ಚು ಏರದೆ ಹಿಡಿತ ಹೆಚ್ಚುತ್ತದೆ. ನೋಡಿದರೆ ಮೈ ಜುಮ್ ಅನ್ನುತ್ತದೆ. ನಾವು ಈ ಸಲ ಫ್ಯಾನ್ ತಂಟೆಗೆ ಹೋಗಲಿಲ್ಲ.

ಕೋಡಿನ ಕಡೆ ನಮ್ಮನ್ನು ಕಾಡಿದ್ದು ಒಂದೇ ಸಾಲು. ಪರೀಕ್ಷೆಗೆ ಅಂತ ಸೆನ್ಸರ್ ಬೆಲೆಗಳನ್ನು ಲ್ಯಾಪ್‌ಟಾಪಿಗೆ ಕಳಿಸುವ ಸೀರಿಯಲ್ ಪ್ರಿಂಟ್ ಹಾಕಿದ್ದೆವು, ತೆಗೆಯುವುದು ಮರೆತಿತ್ತು. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಒಂದು ಅಕ್ಷರ ಹೋಗಲು ಒಂದು ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು. ಕಳಿಸಬೇಕಾದ ಅಕ್ಷರ ಕಾದಿರುವ ಜಾಗ (ಬಫರ್) ತುಂಬಿದ ಮೇಲೆ ಪ್ರೋಗ್ರಾಮ್ ಅಲ್ಲೇ ನಿಂತು ಕಾಯುತ್ತದೆ. ನಮ್ಮ ಸಾಲಿನಲ್ಲಿ 40 ಅಕ್ಷರ. ಅಂದರೆ ಸುಮಾರು 42 ಮಿಲಿಸೆಕೆಂಡು. ಸೆಕೆಂಡಿಗೆ ಒಂದೂವರೆ ಮೀಟರ್ ಓಡುವ ಬಾಟ್ ಅಷ್ಟರಲ್ಲಿ ಆರು ಸೆಂಟಿಮೀಟರ್ ಕಣ್ಣು ಮುಚ್ಚಿಕೊಂಡು ಹೋಗಿರುತ್ತದೆ. ಹಳೆಯ ನಿಧಾನದ ಬಾಟಿನಲ್ಲಿ ಇದು ಗೊತ್ತೇ ಆಗುತ್ತಿರಲಿಲ್ಲ.

ಅದು ತೆಗೆದ ಮೇಲೆ ಉಳಿದದ್ದು ಸೆನ್ಸರ್ ಓದುವ ಸಮಯ. ಆರ್ಡುಯಿನೋದಲ್ಲಿ ಒಂದು ಅನಲಾಗ್ ಓದಿಗೆ ನೂರು ಮೈಕ್ರೋಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಎಡಿಸಿ (ಅನಲಾಗ್ ವೋಲ್ಟೇಜನ್ನು ಅಂಕಿ ಮಾಡುವ ಭಾಗ) ಗಡಿಯಾರವನ್ನು 128ರಿಂದ ಭಾಗಿಸುವ ಬದಲು 32ರಿಂದ ಭಾಗಿಸಿದರೆ ಅದು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ನಿಖರತೆ ಚೂರು ಹೋಗುತ್ತದೆ, ಕಪ್ಪು ಬಿಳುಪು ಗುರುತಿಸಲು ಅಷ್ಟು ಸಾಕು. ಇಡೀ ಲೂಪ್ ಸರಿಯಾಗಿ ಒಂದು ಮಿಲಿಸೆಕೆಂಡಿಗೊಮ್ಮೆ ಓಡುವ ಹಾಗೆ ಕಟ್ಟಿದೆವು. ಲೂಪಿನ ಸಮಯ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆದರೆ ಕೆಡಿಗೆ ಅರ್ಥವೇ ಇಲ್ಲ. ಕೊನೆಗೆ ನಿಂತ ಬೆಲೆಗಳು ಕೆಪಿ 0.06, ಕೆಡಿ 0.9, ಕೆಐ (ಹಿಂದಿನ ತಪ್ಪುಗಳನ್ನು ಕೂಡಿಸಿ ಸರಿಪಡಿಸುವ ಅಂಕಿ) ಸೊನ್ನೆ. ಇದನ್ನು ಹಾಗೇ ನಕಲು ಮಾಡಿದರೆ ನಿಮ್ಮ ಬಾಟಿಗೆ ಹೊಂದುವುದಿಲ್ಲ, ನಿಮ್ಮ ತೂಕ ಬೇರೆ, ಟೈರ್ ಬೇರೆ.

ಇನ್ನೊಂದು ಪಾಠ ಬ್ಯಾಟರಿಯಿಂದ. ಒಂದು ದಿನ ಎಲ್ಲಾ ಸರಿ ಮಾಡಿ ಮನೆಗೆ ಹೋದೆವು. ರಾತ್ರಿ ಚಾರ್ಜ್ ಮಾಡಿ ಬೆಳಿಗ್ಗೆ ಓಡಿಸಿದರೆ ಮೊದಲ ತಿರುವಿನಲ್ಲೇ ಹೊರಗೆ. ಪೂರ್ತಿ ಚಾರ್ಜ್ ಆದ ಎರಡು ಸೆಲ್ಲಿನ ಲಿಪೋ 8.4 ವೋಲ್ಟ್. ಹಿಂದಿನ ಸಂಜೆ ನಾವು ಸರಿ ಹೊಂದಿಸಿದ್ದು 7.4ರಲ್ಲಿ. ಅದೇ ಕೋಡು, ಶೇಕಡಾ 13ಕ್ಕಿಂತ ಹೆಚ್ಚು ವೇಗ. ಹಾಗಾಗಿ ಬಾಟೇ ತನ್ನ ವೋಲ್ಟೇಜ್ ಅಳೆದುಕೊಂಡು ಪಿಡಬ್ಲ್ಯುಎಂ ಇಳಿಸಿಕೊಳ್ಳಬೇಕು. ಅದಕ್ಕೆ ಒಂದು ಅನಲಾಗ್ ಪಿನ್ ಬೇಕು, ನ್ಯಾನೋದಲ್ಲಿ ಇರುವುದೇ ಎಂಟು, ಎಂಟೂ ಸೆನ್ಸರಿಗೆ ಹೋಗಿವೆ. ಜೂನಿಯರ್ ಒಂದು ದಿನ ಯೋಚಿಸಿ ಬಂದು ಹೇಳಿದಳು, "ಅಕ್ಕ, ತುದೀಲಿರೋ ಎರಡು ಕಣ್ಣು ಗೆರೆ ಇದೆಯೋ ಇಲ್ವೋ ಅಂತ ಹೇಳಿದ್ರೆ ಸಾಕಲ್ವಾ? ಅವನ್ನ ಡಿಜಿಟಲ್ ಪಿನ್ನಿಗೆ ಹಾಕೋಣ." ಹಾಗೇ ಮಾಡಿದೆವು. ನಡುವಿನ ಆರು ಅನಲಾಗ್, ತುದಿಯ ಎರಡು ಡಿಜಿಟಲ್, ಉಳಿದ ಎ6 ಪಿನ್ನಿಗೆ ಎರಡು ಸಮಾನ ರೆಸಿಸ್ಟರ್ ಮೂಲಕ ಬ್ಯಾಟರಿ. ಓದುವ ಸಮಯವೂ ಉಳಿಯಿತು. ಈ ಯೋಚನೆ ಪೂರ್ತಿ ಅವಳದ್ದು, ಇಲ್ಲಿ ಬರೆದಿಡಲೇಬೇಕು ಅನ್ನಿಸಿತು.

ಸ್ಪರ್ಧೆಗೆ ಹೋಗುವ ಹಿಂದಿನ ದಿನ ಮತ್ತೆ ಬಂಗಾರದ ತಕ್ಕಡಿ. ವೈರು, ಸ್ವಿಚ್ಚು, ಅಂಟು, ಗುಂಡಿ ಎಲ್ಲಾ ಸೇರಿ 91 ಗ್ರಾಂ. ಮಾವ ಅದನ್ನು ಚೀಟಿಯಲ್ಲಿ ಬರೆದು ಕೊಟ್ಟರು. ಚೀಟಿ ನನ್ನ ಹತ್ತಿರ ಇದೆ.

ಈ ಸಲದ ಟ್ರ್ಯಾಕ್ 15 ಮೀಟರ್. ಹಾಲಿನ ಪಶ್ಚಿಮದ ಕಡೆ ಉದ್ದಕ್ಕೂ ಕಿಟಕಿ. ನಮ್ಮ ಮೊದಲ ಓಟ ಬಂದದ್ದು ಮಧ್ಯಾಹ್ನ ಮೂರೂವರೆಗೆ, ಬಿಸಿಲು ಸರಿಯಾಗಿ ಎರಡು ತಿರುವಿನ ಮೇಲೆ ಬಿದ್ದಿತ್ತು. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುತ್ತದೆ, ಸೆನ್ಸರಿಗೆ ಕಪ್ಪು ಗೆರೆಯೂ ಬಿಳಿಯಾಗಿ ಕಾಣುತ್ತದೆ. ಬಾಟ್ ಅಲ್ಲಿಯವರೆಗೆ ಚೆಂದ ಓಡಿ, ಬಿಸಿಲಿಗೆ ಕಾಲಿಟ್ಟ ಕೂಡಲೇ ನೇರವಾಗಿ ಟ್ರ್ಯಾಕ್ ಬಿಟ್ಟು ಹೋಯಿತು. ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಎದುರಿನ ಸ್ಟೇಷನರಿ ಅಂಗಡಿಗೆ ಓಡಿ ಕಪ್ಪು ಚಾರ್ಟ್ ಪೇಪರ್ ತಂದು, ಸೆನ್ಸರ್ ಪಟ್ಟಿಯ ಸುತ್ತ ಲಂಗದ ಹಾಗೆ ಸುತ್ತಿದೆವು. ನೆಲಕ್ಕೆ ತಾಗದ ಹಾಗೆ ಒಂದು ಮಿಲಿಮೀಟರ್ ಬಿಟ್ಟು. ಅದರ ತೂಕ ತೂಗಲು ಆಗಲಿಲ್ಲ, ಅರ್ಧ ಗ್ರಾಂ ಇರಬಹುದು, ಅದೂ ಮೂಗಿನ ತುದಿಯಲ್ಲೇ. ಆದರೆ ಬೇರೆ ದಾರಿ ಇರಲಿಲ್ಲ. ಕ್ಯಾಲಿಬ್ರೇಷನ್ ಕೂಡ ನೆರಳಲ್ಲಿ ಮಾಡದೆ ಬಿಸಿಲು ಬಿದ್ದ ಗೆರೆಯ ಮೇಲೆಯೇ ಮಾಡಿದೆವು.

ಎರಡನೇ ಓಟ 13.1 ಸೆಕೆಂಡು. ಮೂರನೆಯದಕ್ಕೆ ಟೈರನ್ನು ಎರಡು ಸಲ ಟೇಪಿನ ಮೇಲೆ ಉರುಳಿಸಿ, ಮೂಲ ವೇಗ ಸ್ವಲ್ಪ ಏರಿಸಿದೆವು. ಕೊನೆಯ ತಿರುವಿನಲ್ಲಿ ಹಿಂದಿನ ಭಾಗ ಒಂದು ಚೂರು ಹೊರಗೆ ಜಾರಿ, ಮತ್ತೆ ಹಿಡಿದುಕೊಂಡಿತು. 12.4 ಸೆಕೆಂಡು. ಮೂರನೇ ಸ್ಥಾನ. ಮೊದಲು ಬಂದವರು 11.7.

ಅವರ ಬಾಟಿನಲ್ಲಿ ಚಕ್ರ ಎಷ್ಟು ಸುತ್ತಿತು ಅಂತ ಎಣಿಸುವ ಎನ್‌ಕೋಡರ್ ಇತ್ತು. ಮೊದಲ ಓಟದಲ್ಲಿ ನಿಧಾನಕ್ಕೆ ಹೋಗಿ ಎಲ್ಲಿ ನೇರ, ಎಲ್ಲಿ ತಿರುವು ಅಂತ ನೆನಪಿಟ್ಟುಕೊಂಡು, ಆಮೇಲೆ ನೇರ ದಾರಿಯಲ್ಲಿ ಪೂರ್ತಿ ವೇಗ ಬಿಟ್ಟು ತಿರುವಿಗೆ ಮುಂಚೆ ಬ್ರೇಕ್ ಹಾಕುತ್ತಿತ್ತು. ನಮ್ಮದು ಎಲ್ಲಾ ಕಡೆ ತಿರುವಿನ ವೇಗದಲ್ಲೇ ಓಡುತ್ತಿದೆ. ನಮ್ಮ ಮೋಟರ್ ಎರಡು ಮೀಟರ್ ಹತ್ತಿರ ಹೋಗಬಲ್ಲದು, ಸರಾಸರಿ ಬಂದದ್ದು 1.2. ಉಳಿದ ಸಮಯ ಎಲ್ಲಿ ಸಿಗುತ್ತದೆ ಅಂತ ಈಗ ಗೊತ್ತು.

ಹೋದ ವಾರ ಎರಡು ಮೋಟರಿನ ಹಿಂದೆ ಸಣ್ಣ ಮ್ಯಾಗ್ನೆಟ್ ಎನ್‌ಕೋಡರ್ ಕೂರಿಸಿದೆವು. ಎರಡೂ ಸೇರಿ 3 ಗ್ರಾಂ. ತೂಕ 94 ಆಯಿತು, ಆದರೆ ಆ ಮೂರು ಗ್ರಾಮೂ ಕೂತಿರುವುದು ಅಚ್ಚಿನ ನೇರಕ್ಕೇ. ನಿನ್ನೆ ರಾತ್ರಿ ಬೆಸುಗೆ ಮುಗಿಯಿತು. ಎಡಗಡೆಯದು ಎಣಿಸುತ್ತಿದೆ. ಬಲಗಡೆಯದು ಇನ್ನೂ ಇಲ್ಲ, ಸಂಜೆ ಮತ್ತೆ ಕೂರಬೇಕು.